ಜಟೆ ಬಿಡಿಸಬೇಕೆ? ಕತ್ತರಿಗೆ ಮೊದಲು ಕಂಡೀಷನರ್ ತನ್ನಿ

ಡ್ರೆಡ್‌ಲಾಕ್ಸ್, ಅಂದರೆ ಹಗ್ಗದಂತೆ ಗಂಟುಗಟ್ಟಿದ ಜಟೆ, ಸಾಕಾಯಿತು ಎಂದು ಸಲೂನಿಗೆ ಹೋದರೆ ಬಹಳ ಕಡೆ ಸಿಗುವ ಉತ್ತರ ಒಂದೇ: ‘ಬೋಳಿಸಿಬಿಡೋಣ ಬಿಡಿ, ಹೊಸದು ಬರುತ್ತೆ.’ ಅವರ ಕಷ್ಟವೂ ಅರ್ಥವಾಗುವಂಥದ್ದೇ. ಮಷಿನ್ ಹಿಡಿದರೆ ಹತ್ತು ನಿಮಿಷದ ಕೆಲಸ. ಬಿಡಿಸುತ್ತ ಕೂತರೆ ಎರಡು ಮೂರು ದಿನ ಆ ಕುರ್ಚಿ ಬೇರೆ ಗಿರಾಕಿಗೆ ಸಿಗುವುದಿಲ್ಲ. ಆದರೆ ಕಳೆದುಕೊಳ್ಳುವವರು ನೀವು. ಕೂದಲು ಬೆಳೆಯುವುದು ತಿಂಗಳಿಗೆ ಒಂದು ಸೆಂಟಿಮೀಟರಿಗಿಂತ ಸ್ವಲ್ಪ ಹೆಚ್ಚು, ವರ್ಷಕ್ಕೆ ಸುಮಾರು 15 ಸೆಂ.ಮೀ. ಸೊಂಟ ಮುಟ್ಟುವ ಕೂದಲನ್ನು ಬೋಳಿಸಿದರೆ ಅದು ಮತ್ತೆ ಅಲ್ಲಿಗೆ ಬರಲು ಐದಾರು ವರ್ಷವಾದರೂ ಬೇಕು.

ಜಟೆಯನ್ನು ಉದ್ದ ಉಳಿಸಿಕೊಂಡೇ ಬಿಡಿಸಬಹುದು. ಜಾದೂ ಏನಿಲ್ಲ. ಲೀಟರುಗಟ್ಟಲೆ ಕಂಡೀಷನರ್, ಗಟ್ಟಿ ಹಲ್ಲಿನ ಬಾಚಣಿಗೆ, ಬೇಸರಪಡದ ಒಬ್ಬಿಬ್ಬರು ಜೊತೆಗಾರರು ಇದ್ದರೆ ಆಯಿತು. ಮತ್ತೆ ಸಮಯ. ಒಂದೊಂದು ಎಳೆ ಜಟೆಗೆ ಕಾಲು ಗಂಟೆಯಿಂದ ಒಂದು ಗಂಟೆಯವರೆಗೆ ಹಿಡಿಯಬಹುದು. ತಲೆಯಲ್ಲಿ ಅಂಥವು ನಲವತ್ತು ಇದ್ದರೆ ಲೆಕ್ಕ ನೀವೇ ಹಾಕಿಕೊಳ್ಳಿ.

ಆ ಗಂಟಿನೊಳಗೆ ಏನಿದೆ

ಬಿಡಿಸಲು ಕೂರುವ ಮೊದಲು ಇದೊಂದು ವಿಷಯ ತಲೆಗೆ ಹೋಗಬೇಕು. ಇಲ್ಲದಿದ್ದರೆ ಮೊದಲ ಜಟೆಗೇ ಧೈರ್ಯ ಕೆಡುತ್ತದೆ.

ಯಾರ ತಲೆಯಿಂದಲೇ ಆಗಲಿ, ದಿನಕ್ಕೆ 50ರಿಂದ 100 ಕೂದಲು ಉದುರುವುದು ಸಹಜ. ದಿನಾ ಬಾಚಿಕೊಳ್ಳುವವರದು ಬಾಚಣಿಗೆಯಲ್ಲೋ ಬಚ್ಚಲಿನ ಜಾಲರಿಯಲ್ಲೋ ಸಿಕ್ಕಿಕೊಳ್ಳುತ್ತದೆ. ಜಟೆಯವರದು ಹೆಚ್ಚಿನಂಶ ಎಲ್ಲಿಗೂ ಹೋಗುವುದಿಲ್ಲ. ಬುಡ ಬಿಟ್ಟ ಎಳೆ ಪಕ್ಕದ ಎಳೆಗಳಿಗೆ ಸುತ್ತಿಕೊಂಡು ಅಲ್ಲೇ ಕೂರುತ್ತದೆ. ಜಟೆ ಗಟ್ಟಿಯಾಗುವುದೇ ಹಾಗೆ. ದಿನಕ್ಕೆ 50 ಎಂದು ಕಡಿಮೆಯಲ್ಲೇ ಹಿಡಿದರೂ ಐದು ವರ್ಷಕ್ಕೆ 90 ಸಾವಿರ ದಾಟುತ್ತದೆ. ತಲೆಯ ಮೇಲೆ ಜೀವಂತ ಬೇರಿರುವ ಕೂದಲು ಒಟ್ಟು ಸುಮಾರು ಒಂದು ಲಕ್ಷ. ಅಂದರೆ ಹಳೆಯ ಜಟೆಯಲ್ಲಿ ಹತ್ತಿರ ಹತ್ತಿರ ಅರ್ಧದಷ್ಟು ಎಂದೋ ಉದುರಿದ ಕೂದಲೇ ಇರಬಹುದು. ಬಿಡಿಸುವಾಗ ಅಷ್ಟೂ ಕೈಗೆ ಬರುತ್ತದೆ. ಪ್ಲಾಸ್ಟಿಕ್ ಚೀಲ ತುಂಬುತ್ತ ಹೋಗುವುದನ್ನು ನೋಡಿದವರು ‘ನನ್ನ ತಲೆ ಬೋಳಾಯ್ತು’ ಎಂದು ಅಳುವುದುಂಟು.

ಅನುಮಾನ ಬಂದರೆ ಕೈಗೆ ಬಂದ ಒಂದೆಳೆಯನ್ನು ಬೆಳಕಿಗೆ ಹಿಡಿಯಿರಿ. ಒಂದು ತುದಿಯಲ್ಲಿ ಸಾಸಿವೆಗಿಂತಲೂ ಎಷ್ಟೋ ಚಿಕ್ಕದಾದ ಬಿಳಿ ಗುಂಡು ಕಂಡರೆ ಅದು ತಾನಾಗಿ ಉದುರಿದ್ದು. ಎರಡೂ ತುದಿ ಬೋಳಾಗಿದ್ದು, ಎಳೆ ಗಿಡ್ಡವಾಗಿದ್ದರೆ ಅದು ತುಂಡಾದದ್ದು. ಅಂಥವು ಹೆಚ್ಚು ಬರತೊಡಗಿದರೆ ನಿಮ್ಮ ಕೈ ಬಿರುಸಾಗಿದೆ ಎಂದರ್ಥ.

ಸಾಮಾನು

ದುಬಾರಿ ಬ್ರ್ಯಾಂಡ್ ಬೇಡ. ಸಿಲಿಕೋನ್ ಇರುವ, ಜಾರುವ, ಅಗ್ಗದ ಕಂಡೀಷನರ್ ದೊಡ್ಡ ಬಾಟಲಿಯಲ್ಲಿ ತನ್ನಿ. ಹಿಂದೆ ಉಕ್ಕಿನ ಕಡ್ಡಿ ಇರುವ ಟೇಲ್ ಕೂಂಬ್ ಎರಡು ಇರಲಿ. ಪ್ಲಾಸ್ಟಿಕ್ ಹಲ್ಲುಗಳು ಅರ್ಧ ದಾರಿಯಲ್ಲೇ ಮುರಿಯುತ್ತವೆ. ಸ್ಪ್ರೇ ಬಾಟಲಿ, ಕ್ಲಿಪ್ಪುಗಳು, ಹಳೇ ಟವೆಲ್ ಸಾಕು. ಕ್ರೋಶಾ ಕಡ್ಡಿಯಿಂದ ಹೆಣೆಸಿಕೊಂಡ ಡ್ರೆಡ್‌ಲಾಕ್ ಆದರೆ ಅಂಥದ್ದೇ ಸಣ್ಣ ಕಡ್ಡಿಯೂ ಬೇಕಾಗುತ್ತದೆ, ಏಕೆಂದರೆ ಅದರಲ್ಲಿ ಎಳೆಗಳನ್ನು ಅಡ್ಡಡ್ಡ ಎಳೆದು ಬಿಗಿದಿರುತ್ತಾರೆ.

ನಮ್ಮಲ್ಲಿ ದಾಸವಾಳದ ಎಲೆಯ ಲೋಳೆ ಇದೆಯಲ್ಲ ಎಂದು ಕೇಳಬಹುದು. ಸಾಮಾನ್ಯ ಸಿಕ್ಕಿಗೆ ಅದು ಒಳ್ಳೆಯದೇ. ಆದರೆ ಜಟೆಯೊಳಗೆ ಎಲೆಯ ಚೂರು ಸೇರಿದರೆ ತೆಗೆಯುವುದು ಇನ್ನೊಂದು ಕೆಲಸ. ನುಣ್ಣಗೆ ಸೋಸಿದ್ದಾದರೆ ಮಾತ್ರ ಬಳಸಿ. ಕೊಬ್ಬರಿ ಎಣ್ಣೆ ಹಿಂದಿನ ರಾತ್ರಿ ಹಚ್ಚಲು ಅತ್ಯುತ್ತಮ. ಅದು ಕೂದಲಿನ ಒಳಕ್ಕೇ ಇಳಿದು, ತೊಳೆಯುವಾಗ ಪ್ರೋಟೀನ್ ಸೋರಿಹೋಗುವುದನ್ನು ತಗ್ಗಿಸುತ್ತದೆ.

ಜಟೆ ಕಟ್ಟುವಾಗ ಜೇನುಮೇಣದ ವ್ಯಾಕ್ಸ್ ಹಾಕಿಸಿಕೊಂಡಿದ್ದೀರಾ? ಹಾಗಾದರೆ ಬಿಸಿನೀರನ್ನು ನಂಬಬೇಡಿ. ಜೇನುಮೇಣ ಕರಗಲು 62 ಡಿಗ್ರಿ ಸೆಲ್ಸಿಯಸ್‌ಗಿಂತ ಹೆಚ್ಚು ಶಾಖ ಬೇಕು; ಅಷ್ಟರಲ್ಲಿ ನೆತ್ತಿ ಸುಟ್ಟಿರುತ್ತದೆ. ಮೇಣ ಬಗ್ಗುವುದು ಎಣ್ಣೆಗೆ. ಬೆಚ್ಚಗಿನ ಎಣ್ಣೆ ಹಚ್ಚಿ ಗಂಟೆಗಟ್ಟಲೆ ಬಿಟ್ಟು, ಬೆರಳಿನಲ್ಲಿ ಹಿಸುಕಿ ಹಿಸುಕಿ ತೆಗೆಯಬೇಕು.

ಬಿಡಿಸುವ ಕ್ರಮ

ಹಿಂದಿನ ದಿನ ತಲೆಯನ್ನು ಬರೀ ಶಾಂಪೂ ಹಾಕಿ ತೊಳೆದು ಪೂರ್ತಿ ಒಣಗಿಸಿ, ರಾತ್ರಿ ಜಟೆಗಳಿಗೆ ಎಣ್ಣೆ ಹಚ್ಚಿ ಬಟ್ಟೆ ಕಟ್ಟಿಕೊಳ್ಳಿ. ಬೋರ್‌ವೆಲ್ ನೀರಿನ ಊರಿನವರಾದರೆ ತೊಳೆದ ನಂತರ ಒಂದು ಚೊಂಬು ನೀರಿಗೆ ಒಂದು ಚಮಚ ವಿನೆಗರ್ ಬೆರೆಸಿ ಸುರಿದುಕೊಳ್ಳಿ. ಗಡಸು ನೀರು ಬಿಟ್ಟ ಬಿಳಿ ಪುಡಿ ಸಡಿಲವಾಗುತ್ತದೆ.

ಮೊದಲು ಕತ್ತರಿಯ ತೀರ್ಮಾನ. ಜಟೆಯ ತುದಿ ಎಂದರೆ ಕೂದಲಿನ ಅತಿ ಹಳೆಯ, ಅತಿ ಸವೆದ ಭಾಗ. ನಿಮಗೆ ಬೆನ್ನಿನ ನಡುವಿನವರೆಗೆ ಸಾಕು, ಜಟೆ ಸೊಂಟದ ಕೆಳಗಿದೆ ಎಂದಾದರೆ ತುದಿಯ ಕಾಲು ಭಾಗ ಕತ್ತರಿಸಿಬಿಡಿ. ಇದರಲ್ಲಿ ಜಿಪುಣತನ ಒಳ್ಳೆಯದಲ್ಲ. ಕತ್ತರಿಸಿದರೆ ಕೆಲಸ ಎಷ್ಟೋ ಕಡಿಮೆಯಾಗುತ್ತದೆ, ಬಿಡಿಸಿದ ಮೇಲೆ ಹೇಗೂ ಅಷ್ಟು ಕತ್ತರಿಸಬೇಕಾಗುತ್ತದೆ. ಜೊತೆಗೆ, ಜಟೆಯಲ್ಲಿ ಕೂದಲು ಮಡಿಚಿಕೊಂಡು ಕೂತಿರುವುದರಿಂದ ಬಿಡಿಸಿದಾಗ ಅದು ಜಟೆಗಿಂತ ಉದ್ದವಾಗಿಯೇ ಇಳಿಯುತ್ತದೆ. ಕೃತಕ ಎಕ್ಸ್‌ಟೆನ್ಷನ್ ಸೇರಿಸಿದ್ದರೆ ನಿಮ್ಮ ಸ್ವಂತ ಕೂದಲು ಎಲ್ಲಿಗೆ ಮುಗಿಯುತ್ತದೆ ಎಂದು ಬೆರಳಲ್ಲಿ ತಡವಿ ನೋಡಿ, ಅದರ ಕೆಳಗೆ ಕತ್ತರಿ ಹಾಕಿ.

ಶುರು ಕುತ್ತಿಗೆಯ ಹಿಂದಿನ ಸಾಲಿನಿಂದ ಆಗಲಿ. ಕೈ ಪಳಗುವವರೆಗಿನ ತಪ್ಪುಗಳು ಅಲ್ಲಿ ಕಾಣುವುದಿಲ್ಲ. ಮಧ್ಯದಲ್ಲಿ ನಿಲ್ಲಿಸಿ ಆಫೀಸಿಗೆ ಹೋಗಬೇಕಾದರೂ ಮೇಲಿನ ಜಟೆಗಳಿಂದ ಮುಚ್ಚಬಹುದು.

ಒಂದೇ ಜಟೆ ತೆಗೆದುಕೊಳ್ಳಿ, ಉಳಿದವನ್ನು ಕ್ಲಿಪ್ಪಿನಿಂದ ಎತ್ತಿ ಕಟ್ಟಿ. ಬೆಚ್ಚಗಿನ ನೀರು, ಕಂಡೀಷನರ್ ಸಮಸಮ ಬೆರೆಸಿ ಸ್ಪ್ರೇ ಮಾಡಿ ಹಿಸುಕಿ. ಮೇಲೆ ಮತ್ತಷ್ಟು ಕಂಡೀಷನರನ್ನು ಹಾಗೆಯೇ ಹಚ್ಚಿ. ಬರೀ ನೀರಲ್ಲಿ ಒದ್ದೆ ಮಾಡಿ ಎಳೆಯಬೇಡಿ. ಒದ್ದೆ ಕೂದಲು ರಬ್ಬರಿನಂತೆ ಹಿಗ್ಗಿ, ಒಣಗಿದ್ದಕ್ಕಿಂತ ಬೇಗ ತುಂಡಾಗುತ್ತದೆ. ಕೂದಲಿನ ಹೊರಮೈಯ ಪದರಗಳು ತುದಿಯ ಕಡೆಗೆ ಬಾಯಿ ಮಾಡಿಕೊಂಡಿರುತ್ತವೆ. ಆ ಸಂದುಗಳಲ್ಲೇ ಎಳೆಗೆ ಎಳೆ ಸಿಕ್ಕಿಕೊಳ್ಳುವುದು. ಕಂಡೀಷನರ್ ಆ ಬಾಯಿಗಳ ಮೇಲೆ ಜಾರುವ ಪದರ ಎಳೆಯುತ್ತದೆ.

ಈಗ ತುದಿ. ನೆನಪಿಡಿ, ಯಾವಾಗಲೂ ತುದಿಯಿಂದ ಬುಡಕ್ಕೆ. ತುದಿಯಿಂದ ಒಂದು ಸೆಂಟಿಮೀಟರ್ ಮೇಲೆ ಟೇಲ್ ಕೂಂಬಿನ ಕಡ್ಡಿಯನ್ನು ಚುಚ್ಚಿ, ನಾಲ್ಕೈದು ಎಳೆಗಳನ್ನು ಮೀಟಿ ಕೆಳಕ್ಕೆ ತೆಗೆಯಿರಿ. ಮತ್ತೆ ಚುಚ್ಚಿ, ಮತ್ತೆ ಮೀಟಿ. ಮೊದಲ ಐದು ನಿಮಿಷ ಏನೂ ಆಗುತ್ತಿಲ್ಲ ಅನಿಸುತ್ತದೆ. ಆಮೇಲೆ ತುದಿ ಕುಂಚದಂತೆ ಅರಳುತ್ತದೆ, ಅದರೊಳಗಿಂದ ಬೂದು ಬಣ್ಣದ ಹಿಂಜಿದಂಥ ಧೂಳು ಕಾಣುತ್ತದೆ. ವರ್ಷಗಳ ಟವೆಲ್, ಹೊದಿಕೆ, ಉಣ್ಣೆ ಟೋಪಿಯ ನೂಲು ಅದು. ಅರಳಿದ ಭಾಗವನ್ನು ಹಲ್ಲಿನಿಂದ ಬಾಚಿ, ಉದುರಿದ್ದನ್ನು ಎಳೆದು ಚೀಲಕ್ಕೆ ಹಾಕಿ, ಇನ್ನೊಂದು ಸೆಂಟಿಮೀಟರ್ ಮೇಲಕ್ಕೆ ಸರಿಯಿರಿ.

ಇನ್ನೊಂದು ಕೈ ಎಲ್ಲಿರಬೇಕು? ಬಿಡಿಸುತ್ತಿರುವ ಜಾಗದ ಸ್ವಲ್ಪ ಮೇಲೆ ಜಟೆಯನ್ನು ಮುಷ್ಟಿಯಲ್ಲಿ ಬಿಗಿಯಾಗಿ ಹಿಡಿದಿರಬೇಕು. ಎಳೆತವೆಲ್ಲ ಮುಷ್ಟಿಗೆ ಬರುತ್ತದೆ, ನೆತ್ತಿಗೆ ಹೋಗುವುದಿಲ್ಲ. ಕೂತವರು ‘ಅಮ್ಮಾ’ ಎಂದರೆ ಮುಷ್ಟಿ ಸಡಿಲಾಗಿದೆ ಅಂತ ತಿಳಿಯಿರಿ.

ಬುಡದಲ್ಲಿ ಎರಡು ಜಟೆ ಒಂದಕ್ಕೊಂದು ಅಂಟಿಕೊಂಡಿದ್ದರೆ ಕೈಯಿಂದಲೇ ಸೀಳಿ ನೋಡಿ. ಆಗದಿದ್ದರೆ ಕತ್ತರಿಯ ತುದಿಯನ್ನು ಕೂದಲಿನ ಉದ್ದಕ್ಕೆ ಹಿಡಿದು ಸ್ವಲ್ಪ ಸ್ವಲ್ಪವೇ ಬಿಡಿಸಿ. ಅಡ್ಡಕ್ಕೆ ಕತ್ತರಿಸಿದರೆ ಆ ಎಳೆಗಳು ಹೋದವೇ.

ಬಿಟ್ಟುಕೊಂಡ ಕೂದಲನ್ನು ಬುಡದವರೆಗೂ ಬಾಚಿ ಸಡಿಲವಾಗಿ ಹೆಣೆದಿಡಿ. ಹಾಗೇ ಬಿಟ್ಟರೆ ಪಕ್ಕದ ಜಟೆಗೆ ಸೇರಿಕೊಂಡು ಮತ್ತೆ ಸಿಕ್ಕಾಗುತ್ತದೆ.

ಎಲ್ಲ ಮುಗಿದ ಕೂಡಲೇ ತಲೆಸ್ನಾನಕ್ಕೆ ಓಡುವ ಆಸೆ ಬರುತ್ತದೆ. ತಡೆಯಿರಿ. ಉದುರಿದ ಎಳೆ ಒಳಗೆ ಉಳಿದಿರುವಾಗ ಶಾಂಪೂ ಹಾಕಿ ಉಜ್ಜಿದರೆ ಅರ್ಧ ಗಂಟೆಯಲ್ಲಿ ಹೊಸ ಗಂಟು ತಯಾರು. ಬಾಚಣಿಗೆಗೆ ಏನೂ ಬಾರದವರೆಗೆ ಬಾಚಿ, ನಂತರ ತಲೆಯನ್ನು ನೇರ ಇಟ್ಟು, ಮೇಲಿಂದ ಕೆಳಕ್ಕೆ ನೀರು ಬಿಟ್ಟುಕೊಂಡು ತೊಳೆಯಿರಿ.

ದೇವಿಯ ಹೆಸರಿನ ಜಡೆ

ಫ್ಯಾಷನ್ನಿಗೆ ಕಟ್ಟಿಸಿಕೊಂಡದ್ದು ಒಂದು. ಬೆಳಗಾವಿ, ಬಾಗಲಕೋಟೆ ಕಡೆ ‘ಜಡೆ ಬಿದ್ದಿದೆ’ ಎನ್ನುವುದು ಇನ್ನೊಂದು. ಬಾಣಂತನದಲ್ಲೋ ದೀರ್ಘ ಕಾಯಿಲೆಯಲ್ಲೋ ಬಾಚದೆ ಬಿಟ್ಟ ಕೂದಲು ಗಂಟಾದರೆ, ಅದನ್ನು ಸವದತ್ತಿ ಎಲ್ಲಮ್ಮನ ಕರೆಯೆಂದು ನಂಬಿ, ಭಂಡಾರ (ದೇವಿಯ ಅರಿಶಿನ ಪುಡಿ) ಹಚ್ಚಿ ಪೂಜಿಸಿ ಉಳಿಸಿಕೊಂಡವರಿದ್ದಾರೆ. ಹೆಣ್ಣುಮಕ್ಕಳನ್ನು ದೇವದಾಸಿಯಾಗಿ ಬಿಡಲು ಈ ಜಡೆಯೇ ಒಂದು ಕಾರಣವಾಗುತ್ತಿತ್ತು. ಹಾಗೆ ಬಿಡುವುದನ್ನು ಕರ್ನಾಟಕ 1982ರ ಕಾಯ್ದೆಯಲ್ಲಿ ನಿಷೇಧಿಸಿತು. ನೆರೆಯ ಮಹಾರಾಷ್ಟ್ರದಲ್ಲಿ ಅಂಧಶ್ರದ್ಧಾ ನಿರ್ಮೂಲನ ಸಮಿತಿಯ ಕಾರ್ಯಕರ್ತರು ಮನೆಮನೆಗೆ ಹೋಗಿ ಮಾತಾಡಿಸಿ, ಒಪ್ಪಿಸಿ ಇಂಥ ಜಟೆ ತೆಗೆಯುತ್ತಾರೆ. ಒಪ್ಪಿಸುವುದೇ ಅದರಲ್ಲಿ ದೊಡ್ಡ ಪಾಲು. ‘ತಾಯಿ ಮುನಿತಾಳ್ರೀ’ ಎನ್ನುವ ಅವ್ವನ ತಲೆಗೆ ಏಕಾಏಕಿ ಕತ್ತರಿ ಹಾಕಿದರೆ ಆಮೇಲೆ ಬರುವ ಪ್ರತಿ ಜ್ವರವೂ ಆ ಕತ್ತರಿಯ ಲೆಕ್ಕಕ್ಕೇ ಹೋಗುತ್ತದೆ.

ಇದು ನಮ್ಮಲ್ಲಿ ಮಾತ್ರ ಇದ್ದ ಭಯವಲ್ಲ. ಪೋಲೆಂಡಿನಲ್ಲೂ ಜಟೆ ಕತ್ತರಿಸಿದರೆ ಕಾಯಿಲೆ ಬರುತ್ತದೆ ಎಂದು ನಂಬಿದ್ದರು; ವೈದ್ಯರ ಪುಸ್ತಕದಲ್ಲಿ ಈ ಸ್ಥಿತಿಗೆ ಇಂದಿಗೂ ‘ಪ್ಲೈಕಾ ಪೊಲೊನಿಕಾ’ ಎಂದೇ ಹೆಸರು. 19ನೇ ಶತಮಾನದಲ್ಲಿ ಕ್ರಾಕೋವ್‌ನ ವೈದ್ಯ ಯೂಜೆಫ್ ಡೀಟ್ಲ್ ಆ ನಂಬಿಕೆಯ ವಿರುದ್ಧ ಹೋರಾಡಿದರು.

ಹೀಗೆ ತಾನಾಗಿ ಬಿದ್ದ ಜಡೆ ಸಾಮಾನ್ಯವಾಗಿ ಬೇರೆ ಬೇರೆ ಎಳೆಗಳಾಗಿರುವುದಿಲ್ಲ, ಒಂದೇ ಹಲಗೆಯಂತೆ ಗಟ್ಟಿಯಾಗಿರುತ್ತದೆ. ಅದರ ಭಾರಕ್ಕೆ ಕುತ್ತಿಗೆ ನೋಯುತ್ತಿರುತ್ತದೆ. ಮೊದಲು ಅದನ್ನು ಉದ್ದುದ್ದಕ್ಕೆ ಬೆರಳಗಲದ ಪಟ್ಟಿಗಳಾಗಿ ಸೀಳಿಕೊಂಡು, ಆಮೇಲೆ ಮೇಲೆ ಹೇಳಿದ ಕ್ರಮ ಹಿಡಿಯಬೇಕು. ಕಲ್ಲಿನಂತಾಗಿ ಕಡ್ಡಿಯೇ ಇಳಿಯದಿದ್ದರೆ, ಬುಡದಲ್ಲಿ ಸಡಿಲವಾಗಿರುವ ಹೊಸ ಕೂದಲನ್ನು ಉಳಿಸಿ ಅದರ ಕೆಳಗೆ ಕತ್ತರಿಸಿ. ಭುಜದವರೆಗೆ ಬರದಿದ್ದರೂ ಬೋಳು ತಲೆಯ ಸಂಕಟ ತಪ್ಪುತ್ತದೆ. ನಮ್ಮ ಹಳ್ಳಿಗಳಲ್ಲಿ ಹೆಂಗಸಿಗೆ ಅದು ಸಣ್ಣ ಸಂಕಟವಲ್ಲ.

ಯಾವಾಗ ಕೈ ಹಾಕಬಾರದು

ಹೇನು ಇದ್ದರೆ ಮೊದಲು ಅದಕ್ಕೆ ಮದ್ದು. ವೈದ್ಯರು ಸಾಮಾನ್ಯವಾಗಿ ಬರೆಯುವುದು ಶೇ 1ರ ಪರ್ಮೆಥ್ರಿನ್ ಲೋಷನ್. ಹಚ್ಚಿ 10 ನಿಮಿಷ ಬಿಟ್ಟು ತೊಳೆದು, ವಾರ ಹತ್ತು ದಿನಕ್ಕೆ ಇನ್ನೊಮ್ಮೆ. ಸೀಮೆಎಣ್ಣೆ ಸುರಿಯುವ ಹಳೇ ಅಭ್ಯಾಸ ಬಿಡಿ, ಬೆಂಕಿಯ ಅಪಾಯ ಒಂದೆಡೆ, ನೆತ್ತಿಯ ಸುಟ್ಟ ಗಾಯ ಇನ್ನೊಂದೆಡೆ. ನೆತ್ತಿಯಲ್ಲಿ ಕೀವು, ಹುಣ್ಣು, ದುರ್ವಾಸನೆಯ ರಸಿಕೆ ಇದ್ದರೆ ಚರ್ಮರೋಗ ತಜ್ಞರಿಗೆ ತೋರಿಸಿದ ನಂತರವೇ ಉಳಿದದ್ದು. ಹಣೆಯ ಅಂಚಿನಲ್ಲಿ ಕೂದಲು ಹಿಂದೆ ಸರಿದಿದ್ದರೆ ಅದು ಜಟೆಯ ಭಾರ ಎಳೆದೆಳೆದು ಆದದ್ದಿರಬಹುದು. ಬೇಗ ಭಾರ ಇಳಿಸಿದರೆ ಕೂದಲು ಮರಳುತ್ತದೆ. ವರ್ಷಗಟ್ಟಲೆ ಬಿಟ್ಟರೆ ಆ ಜಾಗ ಹಾಗೇ ಉಳಿಯುತ್ತದೆ.

ಬಿಡಿಸಿದ ಮೊದಲ ವಾರಗಳಲ್ಲಿ ಕೂದಲು ತೆಳ್ಳಗೆ, ಡೊಂಕುಡೊಂಕಾಗಿ ಕಾಣುತ್ತದೆ. ಸ್ಟ್ರೇಟ್‌ನಿಂಗ್, ಬ್ಲೀಚ್, ಬಣ್ಣ ಮೂರನ್ನೂ ಎರಡು ಮೂರು ತಿಂಗಳು ಮುಂದೂಡಿ. ತುದಿ ಸೀಳಿದ್ದನ್ನು ಒಂದೆರಡು ಇಂಚು ಟ್ರಿಮ್ ಮಾಡಿಸಿ. ಬಿಗಿ ರಬ್ಬರ್ ಬ್ಯಾಂಡ್ ಬೇಡ, ಬಟ್ಟೆ ಸುತ್ತಿದ್ದು ಇರಲಿ. ರಾತ್ರಿ ಮಲಗುವಾಗ ಸಡಿಲ ಜಡೆ ಹೆಣೆದುಕೊಳ್ಳಿ. ಹೆಣೆಯುವ ಮೊದಲು ತುದಿಯಿಂದ ಬುಡಕ್ಕೆ ಒಂದು ಸಲ ಬಾಚಿರಿ.