ಶಂಕುವಿನ ಹಿಂದೆ ಮೂರು ತಿಂಗಳು

ಸಪೂರ ಕೊಳವೆಯೊಳಗೆ ವಿದ್ಯುತ್ತಿನಿಂದ ಅಣುಗಳನ್ನು ಬೇರ್ಪಡಿಸುವ ಬರಿಯ ಕ್ಯಾಪಿಲರಿ ಎಲೆಕ್ಟ್ರೊಫೋರೆಸಿಸ್ ಯಂತ್ರದಲ್ಲಿ ನಕ್ಷೆಯ ಮೇಲೆ ಸೂಜಿಯಂತೆ ಚೂಪಾಗಿ ಬರುತ್ತಿದ್ದ ಪೆಪ್ಟೈಡ್ (ಪ್ರೋಟೀನಿನ ಚಿಕ್ಕ ತುಣುಕು) ಪೀಕ್‌ಗಳು, ಅಣುಗಳ ತೂಕ ಅಳೆಯುವ ಮಾಸ್ ಸ್ಪೆಕ್ಟ್ರೋಮೀಟರಿಗೆ ಜೋಡಿಸಿದ ಕೂಡಲೇ ಊದಿಕೊಳ್ಳುತ್ತಿದ್ದವು. ಪ್ರೋಟೀನ್‌ಗಳ ಪಾಡಂತೂ ಕೇಳುವುದೇ ಬೇಡ. ಪ್ರಯೋಗ ನಡೆಸುತ್ತಿದ್ದ ಸಹೋದ್ಯೋಗಿ ನನ್ನ ಮೇಜಿನ ಬಳಿ ಬಂದು, "ಜೋಡಣೆಯಲ್ಲೇ ಏನೋ ಕೆಡುತ್ತಿದೆ, ಕಂಪ್ಯೂಟರಿನಲ್ಲಿ ಸ್ವಲ್ಪ ನೋಡಿ ಹೇಳಿ" ಎಂದರು. ನಾನು ದ್ರವಗಳ ಹರಿವಿನ ಲೆಕ್ಕ ಮಾಡುವವನು, ರಸಾಯನಶಾಸ್ತ್ರ ನನಗೆ ಅಷ್ಟಕ್ಕಷ್ಟೇ. ಆದರೂ ಒಪ್ಪಿಕೊಂಡೆ.

ಜೋಡಣೆ ಎಂದರೆ ಒಂದರೊಳಗೊಂದು ತೂರಿಸಿದ ಮೂರು ಕೊಳವೆ. ನಡುವೆ ಗಾಜಿನ ಕ್ಯಾಪಿಲರಿ: ಒಳವ್ಯಾಸ 50 ಮೈಕ್ರೋಮೀಟರ್, ಉದ್ದ 80 ಸೆಂಟಿಮೀಟರ್, ಅದರ ಮೇಲೆ 30,000 ವೋಲ್ಟ್. ಅದರ ಸುತ್ತ ಉಕ್ಕಿನ ಸೂಜಿಯಲ್ಲಿ ಹರಿಯುವ ಶೀತ್ (ಹೊದಿಕೆ) ದ್ರವ, ಹೊರಗಿನ ಕೊಳವೆಯಲ್ಲಿ ನೈಟ್ರೋಜನ್. ತುದಿಯಲ್ಲಿ ದ್ರವ ತುಂತುರಾಗಿ ಮಾಸ್ ಸ್ಪೆಕ್ಟ್ರೋಮೀಟರಿನೊಳಗೆ ಹೋಗುತ್ತದೆ. ಕ್ಯಾಪಿಲರಿಯ ಕೊನೆಯನ್ನು ಬಫರ್ ಶೀಶೆಯಲ್ಲಿ ಮುಳುಗಿಸುವಂತಿಲ್ಲವಾದ್ದರಿಂದ ವಿದ್ಯುತ್ ಸಂಪರ್ಕ ಕೊಡುವ ಕೆಲಸ ಶೀತ್ ದ್ರವದ್ದು. ಅಮೆರಿಕದ ಪೆಸಿಫಿಕ್ ನಾರ್ತ್‌ವೆಸ್ಟ್ ಪ್ರಯೋಗಾಲಯದಲ್ಲಿ ರಿಚರ್ಡ್ ಸ್ಮಿತ್ ಅವರ ತಂಡ 1987ರಲ್ಲಿ ಈ ಎರಡು ಯಂತ್ರಗಳನ್ನು ಮೊದಲು ಬೆಸೆಯಿತು. ಶೀತ್ ದ್ರವದ ಉಪಾಯ ಮರುವರ್ಷದ್ದು.

ನಾನು ಮಾಡಿದ ತಪ್ಪು, ಕೆಲಸವನ್ನು ತುದಿಯ ಶಂಕುವಿನಿಂದ ಶುರು ಮಾಡಿದ್ದು. ವಿದ್ಯುತ್ ಕ್ಷೇತ್ರ ಎಳೆದಾಗ ದ್ರವದ ಮೇಲ್ಮೈ ಶಂಕುವಾಗುತ್ತದೆ, ಅದರ ಅರ್ಧಕೋನ 49.3 ಡಿಗ್ರಿ ಎಂದು ದ್ರವಗಳ ಹರಿವಿನ ವಿಜ್ಞಾನಿ ಜಿ. ಐ. ಟೇಲರ್ 1964ರಲ್ಲಿ ತೋರಿಸಿಕೊಟ್ಟಿದ್ದರು. ಆ ಕೋನವನ್ನು ನನ್ನ ಪರದೆಯ ಮೇಲೆ ನೋಡಬೇಕೆಂಬ ಚಪಲ. ಅನಿಲ, ದ್ರವ, ವಿದ್ಯುದಾವೇಶ ಎಲ್ಲವನ್ನೂ ಒಂದೇ ಮಾದರಿಗೆ ತುಂಬಿದೆ. ಒಂದು ಮೈಕ್ರೋಮೀಟರಿಗಿಂತ ಸಪೂರ ಜೆಟ್‌ಗೆ ಒಪ್ಪುವ ಮೆಶ್ (ಲೆಕ್ಕಕ್ಕಾಗಿ ಜಾಗವನ್ನು ತುಂಡರಿಸುವ ಬಲೆ), ಮೈಕ್ರೋಸೆಕೆಂಡಿಗಿಂತ ಚಿಕ್ಕ ಕಾಲಹೆಜ್ಜೆ. ಮೂರು ತಿಂಗಳ ನಂತರ ಸೊಗಸಾದ ಶಂಕು ಬಂತು. ಸಭೆಯಲ್ಲಿ ತೋರಿಸಿದೆ, ಎಲ್ಲರೂ ಮೆಚ್ಚಿದರು. ಪೀಕ್ ಏಕೆ ಅಗಲವಾಗುತ್ತದೆ ಎಂಬುದರ ಬಗ್ಗೆ ಅದು ಒಂದಕ್ಷರವನ್ನೂ ಹೇಳಲಿಲ್ಲ.

ಉತ್ತರ ಹೊಳೆದದ್ದು ಹಳೆಯ ಫ್ಲಿಟ್ ಪಂಪ್ ನೆನಪಾದಾಗ. ಸೊಳ್ಳೆಗೆಂದು ಅಜ್ಜ ಹೊಡೆಯುತ್ತಿದ್ದ ಆ ಪಂಪಿನಲ್ಲಿ ಗಾಳಿ ರಭಸದಿಂದ ಹೋದರೆ ಡಬ್ಬಿಯ ಎಣ್ಣೆ ತಾನಾಗಿ ಮೇಲೇರುತ್ತಿತ್ತು. ನಮ್ಮ ನೈಟ್ರೋಜನ್ ಮಾಡುತ್ತಿದ್ದದ್ದೂ ಅದನ್ನೇ, ಕ್ಯಾಪಿಲರಿಯನ್ನು ಹೀರುತ್ತಿತ್ತು. ಕಾಗದದ ಮೇಲೆ ಲೆಕ್ಕ ಹಾಕಿದೆ. ಹೀರುವಿಕೆ 10 ಮಿಲಿಬಾರ್ ಇದ್ದರೂ ಸಾಕು, ಒಳಗೆ ಸೆಕೆಂಡಿಗೆ ಸುಮಾರು 0.11 ಮಿಲಿಮೀಟರ್ ವೇಗದ ಹರಿವು ಹುಟ್ಟುತ್ತದೆ. ವೋಲ್ಟೇಜ್ ಹುಟ್ಟಿಸುವ ಎಲೆಕ್ಟ್ರೋ ಆಸ್ಮೋಟಿಕ್ ಹರಿವು ಚಪ್ಪಟೆಯಾಗಿ ಮುಂದೊತ್ತುತ್ತದೆ. ಒತ್ತಡದ ಹರಿವು ಹಾಗಲ್ಲ, ನಡುವೆ ವೇಗ, ಗೋಡೆಯ ಬಳಿ ನಿಂತೇ ಬಿಡುತ್ತದೆ. ಈ ವ್ಯತ್ಯಾಸದಿಂದಾಗುವ ಹರಡುವಿಕೆಗೆ ಸೂತ್ರ ಕೊಟ್ಟವರು ಯಾರು? ಅದೇ ಟೇಲರ್, 1953ರಲ್ಲಿ. ಪೆಪ್ಟೈಡ್‌ನ ಹರಡುವಿಕೆ ಸುಮಾರು 2.7 ಪಟ್ಟಾಗುತ್ತದೆ, ನಿಧಾನವಾಗಿ ವಿಸರಣಗೊಳ್ಳುವ ಪ್ರೋಟೀನ್‌ನದು 16 ಪಟ್ಟು. ಪೀಕ್‌ನ ಅಗಲ ಇವುಗಳ ವರ್ಗಮೂಲದಂತೆ ಬೆಳೆಯುವುದರಿಂದ ಪ್ರೋಟೀನ್ ಪೀಕ್ ನಾಲ್ಕು ಪಟ್ಟು ಅಗಲ. ಸಹೋದ್ಯೋಗಿಯ ಗೋಳು ಹಾಗೇ ಇತ್ತು.

ದೊಡ್ಡ ಮಾದರಿಯನ್ನು ಬದಿಗಿಟ್ಟು ಎರಡು ಚಿಕ್ಕವನ್ನು ಕಟ್ಟಿದೆ. ಮೊದಲನೆಯದರಲ್ಲಿ ಅನಿಲ ಮಾತ್ರ, ತುದಿಯ ಬಳಿ ಒತ್ತಡ ಎಷ್ಟು ಇಳಿಯುತ್ತದೆ ಎಂದು ತಿಳಿಯಲು. ಆ ಒತ್ತಡವನ್ನು ಪಡೆದು ಕ್ಯಾಪಿಲರಿಯ ಉದ್ದಕ್ಕೂ ಲೆಕ್ಕ ಮಾಡುವ ಏಕ ಆಯಾಮದ ಮಾದರಿ ಎರಡನೆಯದು. ಒಂದು ರಾತ್ರಿಯಲ್ಲಿ ಮುಗಿಯಿತು. ನಮ್ಮ ಅನಿಲದ ಒತ್ತಡಕ್ಕೆ ಹೀರುವಿಕೆ ಸುಮಾರು 10 ಮಿಲಿಬಾರ್ ಎಂದಿತು.

ನಂಬುವುದು ಹೇಗೆ? ವೋಲ್ಟೇಜ್ ಪೂರ್ತಿ ಆರಿಸಿ, ಅನಿಲ ಬಿಟ್ಟು, ಒಂದು ಗುರುತಿನ ದ್ರಾವಣವನ್ನು ಕ್ಯಾಪಿಲರಿಗೆ ಸೇರಿಸಿ ಕಾದೆವು. ಮಾದರಿಯ ಪ್ರಕಾರ ಎರಡು ಗಂಟೆ ಬೇಕು. ಬಂದದ್ದು ಒಂದು ಗಂಟೆ ಇಪ್ಪತ್ತು ನಿಮಿಷಕ್ಕೆ, ಅಂದರೆ ಒಟ್ಟು ಎಳೆತ 15 ಮಿಲಿಬಾರ್. ಮೆಶ್ ಮೇಲೆ ಅನುಮಾನಪಟ್ಟು ಒಂದು ವಾರ ಕಳೆದೆ. ಕೊನೆಗೆ ಗಾರೆ ಕೆಲಸದವರು ಮಟ್ಟ ನೋಡುವಂತೆ ಪಾರದರ್ಶಕ ಪೈಪಿಗೆ ನೀರು ತುಂಬಿ ಹಿಡಿದರೆ, ಒಳಬರುವ ಕಡೆಯ ಶೀಶೆ ಸ್ಪ್ರೇಯರ್ ತುದಿಗಿಂತ 4 ಸೆಂಟಿಮೀಟರ್ ಮೇಲಿತ್ತು! ಒಂದು ಸೆಂಟಿಮೀಟರ್ ನೀರಿಗೆ ಹೆಚ್ಚುಕಡಿಮೆ ಒಂದು ಮಿಲಿಬಾರ್. ನಾಲ್ಕು ಮಿಲಿಬಾರಿನ ಲೆಕ್ಕ ಅಲ್ಲೇ ಸಿಕ್ಕಿತು.

ಯಂತ್ರವನ್ನು ಇಳಿಸಿದೆವು, ಅನಿಲವನ್ನು ತಗ್ಗಿಸಿದೆವು, ಉಳಿದದ್ದಕ್ಕೆ ಶೀಶೆಯ ಕಡೆಯಿಂದ ಸಣ್ಣ ನಿರ್ವಾತ ಕೊಟ್ಟೆವು. ಪ್ರೋಟೀನ್ ಪೀಕ್ ಅರ್ಧಕ್ಕಿಂತ ಸಪೂರವಾಯಿತು. ಸಂಕೇತದ ಎತ್ತರದ ಬಗ್ಗೆ ನನಗೆ ಭ್ರಮೆಯಿಲ್ಲ: ಕ್ಯಾಪಿಲರಿಯಿಂದ ಬರುವುದು ನಿಮಿಷಕ್ಕೆ ನೂರು ನ್ಯಾನೋಲೀಟರ್ ಆಸುಪಾಸು, ಶೀತ್ ದ್ರವ 4 ಮೈಕ್ರೋಲೀಟರ್, ಅಂದರೆ ಸುಮಾರು ನಲವತ್ತು ಪಟ್ಟು. ಆ ನೀರುಮಜ್ಜಿಗೆಯನ್ನು ಒತ್ತಡ ಸರಿಪಡಿಸಿ ಗಟ್ಟಿ ಮಾಡಲಾಗದು.

ಒಂದು ಮಿಲಿಬಾರ್ ಇನ್ನೂ ಲೆಕ್ಕಕ್ಕೆ ಸಿಕ್ಕಿಲ್ಲ. ಸ್ಪ್ರೇಯರ್ ತುದಿಯನ್ನು ಮೈಕ್ರೋಸ್ಕೋಪಿನಲ್ಲಿ ನೋಡಿದರೆ ಕ್ಯಾಪಿಲರಿ ನಡುವಿನಲ್ಲಿಲ್ಲ, ಒಂದು ಬದಿಗೆ ವಾಲಿದೆ. ನನ್ನ ಅನಿಲದ ಮಾದರಿ ಸುತ್ತಲೂ ಒಂದೇ ಸಮ ಎಂದುಕೊಂಡದ್ದು, ಅದಕ್ಕೆ ವಾಲುವಿಕೆ ಕಾಣುವುದೇ ಇಲ್ಲ. ಮೂರು ಆಯಾಮದ ಲೆಕ್ಕ ಈ ವಾರ ಓಡುತ್ತಿದೆ. ಶಂಕುವನ್ನು ಸೇರಿಸಿಲ್ಲ.