ಎಂಟನೇ ಬಾರ್‌ನ ಎಫ್ ಶಾರ್ಪ್

ಇಪ್ಪತ್ತಾರು ವರ್ಷ ಶಿವಮೊಗ್ಗದ ಸುತ್ತಮುತ್ತ ಆರ್ಕೆಸ್ಟ್ರಾಗಳಲ್ಲಿ ಗಿಟಾರ್ ನುಡಿಸಿದ್ದೇನೆ. ಗಣೇಶನ ಹಬ್ಬದಿಂದ ರಾಜ್ಯೋತ್ಸವದವರೆಗೆ ಶನಿವಾರ, ಭಾನುವಾರ ನಾನು ಮನೆಯಲ್ಲಿ ಸಿಗುತ್ತಿರಲಿಲ್ಲ. ಗಾಯಕರು ಯಾವ ಶ್ರುತಿ ಹೇಳಿದರೂ ಕೇಪೋ (ತಂತಿಗಳನ್ನೆಲ್ಲ ಒತ್ತಿ ಶ್ರುತಿ ಏರಿಸುವ ಕ್ಲಿಪ್ಪು) ಹಾಕಿಕೊಂಡು ಹಾಡು ಎತ್ತಿಬಿಡುವ ಅಭ್ಯಾಸ. ನೊಟೇಶನ್ ಓದಲು ಬರುವುದಿಲ್ಲ, ಎಲ್ಲವೂ ಕಿವಿಯಿಂದಲೇ ಕಲಿತದ್ದು.

ಒಂದು ರಾತ್ರಿ ಕಾರ್ಯಕ್ರಮ ಮುಗಿಸಿ ಟೆಂಪೋದಲ್ಲಿ ಬರುವಾಗ ಕೀಬೋರ್ಡ್ ಹುಡುಗ ಇಯರ್‌ಫೋನಿನ ಒಂದು ಬದಿ ನನಗೆ ಕೊಟ್ಟ. ಗಿಟಾರಿನದೇ ನಾದ, ಆದರೆ ಒಂದೇ ಸ್ವರ ಎರಡು ಸ್ಥಾಯಿಯಲ್ಲಿ ಒಟ್ಟಿಗೆ ಬರುತ್ತಿತ್ತು, ಗಂಡು ಹೆಣ್ಣು ಜೊತೆಯಾಗಿ ಹಾಡಿದಂತೆ. ಅವರು ಅಮೆರಿಕದ ಇಂಡಿಯಾನಾಪೊಲಿಸ್‌ನ ಜಾಝ್ ಗಿಟಾರ್ ವಾದಕ ವೆಸ್ ಮಾಂಟ್ಗೊಮರಿ. 1923ರಲ್ಲಿ ಹುಟ್ಟಿ 1968ರಲ್ಲೇ ತೀರಿಹೋದವರು. ಪಿಕ್ ಹಿಡಿಯದೆ ಹೆಬ್ಬೆರಳಿನಲ್ಲಿ ಮಿಡಿಯುತ್ತಿದ್ದರು. ಅವರಿಗೂ ನೊಟೇಶನ್ ಓದಲು ಬರುತ್ತಿರಲಿಲ್ಲ, ಚಾರ್ಲಿ ಕ್ರಿಶ್ಚಿಯನ್ ನುಡಿಸಿದ ಸೋಲೋಗಳನ್ನು ರೆಕಾರ್ಡಿನಿಂದ ಕೇಳಿ ಕೇಳಿ ಕಲಿತವರು ಎಂದು ಆಮೇಲೆ ಓದಿದಾಗ ನನಗೆ ಧೈರ್ಯ ಬಂತು. ಆಗ ನನಗೆ 52. ಈಗ ನಾಲ್ಕು ವರ್ಷವಾಯಿತು.

ಜಾಝ್ ಕಲಿಯಲು ಹೊರಟು ಮೊದಲು ತಂತಿ ಬದಲಾಯಿಸಿದೆ. ಅಲ್ಲಿಯವರೆಗೆ ತೆಳುವಾದ 9ರ ಸೆಟ್ ಹಾಕುತ್ತಿದ್ದವನು ದಪ್ಪನೆಯ, ಚಪ್ಪಟೆ ಸುತ್ತಿನ 12ರ ಫ್ಲ್ಯಾಟ್‌ವೂಂಡ್ ಹಾಕಿದೆ. ಇದರಲ್ಲಿ ಮೂರನೇ ತಂತಿಗೂ ಸುತ್ತು ಇರುತ್ತದೆ, ಎಳೆದರೆ ಸುಲಭಕ್ಕೆ ಬಾಗುವುದಿಲ್ಲ. ನನ್ನ ಕೈಚಳಕವೆಲ್ಲ ತಂತಿ ಎಳೆದು ಗಾಯಕರ ಗಮಕ ತರುವುದರಲ್ಲೇ ಇತ್ತು. ಅದು ಹೋದ ಮೇಲೆ ಮೂರು ತಿಂಗಳು ನನ್ನ ನುಡಿಸಾಣಿಕೆ ಒಣಗಿದಂತೆ ಕೇಳುತ್ತಿತ್ತು. ಜಾಝ್‌ನವರು ಸ್ವರವನ್ನು ಎಳೆದು ಮುಟ್ಟುವುದಕ್ಕಿಂತ ಹೆಚ್ಚಾಗಿ ಅದನ್ನು ಎರಡೂ ಕಡೆಯಿಂದ ಸುತ್ತುವರಿದು ಮುಟ್ಟುತ್ತಾರೆ. ಸಿ ಷಡ್ಜವಾದರೆ, ಇಳಿಯಬೇಕಾದದ್ದು ಅಂತರ ಗಾಂಧಾರಕ್ಕೆ ಎಂದುಕೊಳ್ಳಿ. ಮೊದಲು ಶುದ್ಧ ಮಧ್ಯಮ, ಆಮೇಲೆ ಸಾಧಾರಣ ಗಾಂಧಾರ, ಕೊನೆಗೆ ಅಂತರ ಗಾಂಧಾರ. ಎರಡು ಗಾಂಧಾರ ಪಕ್ಕಪಕ್ಕದಲ್ಲಿ ಬರುವುದನ್ನು ನನ್ನ ಕಿವಿ ಒಪ್ಪಲಿಲ್ಲ. ಬಾಯಲ್ಲಿ ಹಾಡಿ ಹಾಡಿಯೇ ಒಪ್ಪಿಸಬೇಕಾಯಿತು.

ಆಮೇಲೆ ಕೇಪೋ ಪೆಟ್ಟಿಗೆ ಸೇರಿತು. ಟ್ರಂಪೆಟ್, ಸ್ಯಾಕ್ಸೋಫೋನ್ ಬಿ ಫ್ಲ್ಯಾಟ್, ಇ ಫ್ಲ್ಯಾಟ್ ವಾದ್ಯಗಳಾದ್ದರಿಂದ ಅವರಿಗೆ ಅನುಕೂಲವಾದ ಶ್ರುತಿಗಳಾದ ಎಫ್, ಬಿ ಫ್ಲ್ಯಾಟ್‌ಗಳಲ್ಲೇ ಜಾಝ್ ಹೆಚ್ಚು ನಡೆಯುತ್ತದೆ. ಇ, ಎ, ಡಿ ಎಂದು ತೆರೆದ ತಂತಿಗಳನ್ನು ನೆಚ್ಚಿಕೊಂಡಿದ್ದ ನನಗೆ ಊರೇ ಬದಲಾದಂತಾಯಿತು.

ಹಲವು ಸ್ವರ ಒಟ್ಟಿಗೆ ನುಡಿಯುವ ಕಾರ್ಡ್ ಹಿಡಿಯುವುದರಲ್ಲೂ ಹಾಗೆಯೇ. ಆರೂ ತಂತಿ ಸೇರಿಸಿ ಬಾರಿಸಿದರೆ ಬೇಸ್, ಪಿಯಾನೋಗಳಿಗೆ ಜಾಗವೇ ಉಳಿಯುವುದಿಲ್ಲ. ಪಿಯಾನೋ ವಾದಕ ಕೌಂಟ್ ಬೇಸಿಯ ಜಾಝ್ ತಂಡದಲ್ಲಿ 1937ರಿಂದ 1987ರಲ್ಲಿ ತೀರಿಕೊಳ್ಳುವವರೆಗೆ ರಿದಮ್ ಗಿಟಾರ್ ನುಡಿಸಿದ ಫ್ರೆಡಿ ಗ್ರೀನ್ ಅವರನ್ನು ಗಮನವಿಟ್ಟು ಕೇಳಿ. ಬಾರ್‌ಗೆ (ತಾಳದ ಒಂದು ಆವರ್ತಕ್ಕೆ) ನಾಲ್ಕು ಪೆಟ್ಟು, ಕೇಳಿಸುವುದು ಒಂದೆರಡು ಸ್ವರ, ಇಡೀ ತಂಡ ಅದರ ಮೇಲೆ ನಡೆಯುತ್ತದೆ. ನನಗೆ ಅವರಷ್ಟು ಹಿಡಿಸಿದ ಗಿಟಾರ್ ವಾದಕ ಇನ್ನೊಬ್ಬರಿಲ್ಲ, ವೆಸ್ ಕೂಡ ಅವರ ನಂತರವೇ.

ಹಾಗಾಗಿ ಸುತ್ತು ಸುತ್ತಾಗಿ ಮರಳಿ ಬರುವ ಎಫ್ ಬ್ಲೂಸ್‌ನ ಹನ್ನೆರಡು ಬಾರ್‌ಗಳನ್ನು ನಾಲ್ಕನೇ, ಮೂರನೇ ತಂತಿ ಎರಡರಲ್ಲೇ ಕಲಿಯಲು ಕೂತೆ. ಎಫ್ ಸೆವೆನ್‌ಗೆ ನಾಲ್ಕನೇ ತಂತಿಯ 7ನೇ ಫ್ರೆಟ್ (ಗಿಟಾರ್ ಕತ್ತಿನ ಮೇಲಿನ ಮನೆ), ಮೂರನೆಯದರ 8. ಬಿ ಫ್ಲ್ಯಾಟ್ ಸೆವೆನ್ ಬಂದಾಗ ಎರಡು ಬೆರಳೂ ಒಂದೊಂದು ಫ್ರೆಟ್ ಕೆಳಗೆ, 6 ಮತ್ತು 7. ಅಷ್ಟೇ. ಇಷ್ಟು ವರ್ಷ ಕಾರ್ಡ್ ಎಂದರೆ ಕೈಯ ಒಂದು ಆಕಾರ ಎಂದುಕೊಂಡಿದ್ದೆ. ಒಳಗೆ ಸ್ವರಗಳು ಅರ್ಧ ಮೆಟ್ಟಿಲಷ್ಟೇ ಜರುಗಿ ದಾರಿ ಮಾಡಿಕೊಳ್ಳುವುದು ಕಿವಿಗೆ ಬಿದ್ದದ್ದು ಆ ದಿನ. ಗಿಟಾರ್ ತೊಡೆಯ ಮೇಲಿಟ್ಟುಕೊಂಡು ಬಹಳ ಹೊತ್ತು ಸುಮ್ಮನೆ ಕೂತಿದ್ದೆ.

ಲಯ ಇದಕ್ಕಿಂತ ಕಷ್ಟವಾಯಿತು. ಜಾಝ್‌ನ ತೂಗಾಡುವ ನಡೆಯಾದ ಸ್ವಿಂಗ್ ಅನ್ನು ತಿಶ್ರ ನಡೆ ಎಂದು ಹಿಡಿದರೆ ಬಾಗಿಲು ತೆರೆಯುತ್ತದೆ: ‘ತಕಿಟ’ದಲ್ಲಿ ‘ತಕಿ’ ಸೇರಿ ಒಂದು ಸ್ವರ, ‘ಟ’ ಇನ್ನೊಂದು. ಆದರೆ ವೇಗ ಹೆಚ್ಚಿದಂತೆ ಎರಡೂ ಹೆಚ್ಚುಕಡಿಮೆ ಸಮವಾಗುತ್ತವೆ, ಆಗ ಲೆಕ್ಕ ಕೈಬಿಟ್ಟು ರೆಕಾರ್ಡಿನ ಜೊತೆ ನುಡಿಸಬೇಕು. ಲಯಕ್ಕೆ ಟಕ್ ಎನ್ನುವ ಮೆಟ್ರೋನೋಮ್ ಅನ್ನು ನಿಮಿಷಕ್ಕೆ 60 ಪೆಟ್ಟಿಗೆ ಇಟ್ಟು, ಅದರ ಪೆಟ್ಟನ್ನು ಎರಡು ಮತ್ತು ನಾಲ್ಕನೆಯದೆಂದು ಎಣಿಸಿ 120ರ ನಡೆಯಲ್ಲಿ ನುಡಿಸಿದೆ. ಮೊದಲ ಪೆಟ್ಟಿಗೇ ಕಾಲು ಬೀಳುವ ರೂಢಿ ಬಿಡಲು ಒಂದು ಮಳೆಗಾಲ ಪೂರ್ತಿ ಹಿಡಿಯಿತು.

ಎರಡನೇ ವರ್ಷ ಬೆಂಗಳೂರಿನಲ್ಲಿ ಪಿಯಾನೋ ನುಡಿಸುವ ಗೆಳೆಯನ ಮನೆಯಲ್ಲಿ ನಾಲ್ವರು ಸೇರಿದ್ದೆವು. ಎಫ್ ಬ್ಲೂಸ್, ನನ್ನ ಸರದಿ. ಬೆರಳು ಚೆನ್ನಾಗಿಯೇ ಓಡುತ್ತಿತ್ತು, ಆದರೆ ಎರಡನೇ ಸುತ್ತಿನಲ್ಲಿ ಎಲ್ಲಿದ್ದೇನೆ ಎಂಬುದು ತಪ್ಪಿಹೋಯಿತು. ತಬಲಾದ ಜೊತೆ ಪಲ್ಲವಿಗೆ ಮರಳಿದರೆ ಯಾವತ್ತೂ ದಾರಿ ಸಿಗುತ್ತಿತ್ತು. ಇಲ್ಲಿ ಮರಳಲು ಪಲ್ಲವಿ ಇಲ್ಲ. ನಿಲ್ಲಿಸಿದೆ. ಗೆಳೆಯ ಬೈಯಲಿಲ್ಲ. “ಎಂಟನೇ ಬಾರ್ ಕೇಳಿಸ್ಕೋ ಮಾರಾಯ, ಅಲ್ಲಿ ಎಫ್ ಶಾರ್ಪ್ ಬರುತ್ತೆ” ಎಂದ.

ಊರಿಗೆ ಬಂದು ಆ ಒಂದು ಜಾಗವನ್ನೇ ಹಿಡಿದೆ. ಎಂಟನೆಯದು ಡಿ ಸೆವೆನ್: ನಾಲ್ಕನೇ ತಂತಿಯ 4ನೇ ಫ್ರೆಟ್, ಮೂರನೆಯದರ 5. ಆ 4ನೇ ಫ್ರೆಟ್ಟಿನದೇ ಎಫ್ ಶಾರ್ಪ್. ಇಡೀ ಬ್ಲೂಸ್ ಎಫ್ ಮೇಲೆ ನಿಂತಿರುವಾಗ ಅದರ ಪಕ್ಕದ ಸ್ವರವೇ ತಲೆ ಎತ್ತುತ್ತದೆ. ಒಂಬತ್ತಕ್ಕೆ ಜಿ ಮೈನರ್ ಸೆವೆನ್, 3 ಮತ್ತು 3. ಹತ್ತಕ್ಕೆ ಸಿ ಸೆವೆನ್, 2 ಮತ್ತು 3. ಹನ್ನೊಂದಕ್ಕೆ ಎಫ್, 1 ಮತ್ತು 2. ನಾಲ್ಕನೇ ತಂತಿಯಲ್ಲಿ ಬೆರಳು 4, 3, 2, 1 ಎಂದು ಮೆಟ್ಟಿಲಿಳಿದು ಮನೆಗೆ ಬರುತ್ತದೆ. ಬೆಳಿಗ್ಗೆ ಐದೂವರೆಯಿಂದ ನಲವತ್ತು ನಿಮಿಷ ಇದೇ ಸಾಧನೆ, ಮೊದಲು ಹಾಡಿ, ಆಮೇಲೆ ನುಡಿಸಿ. ಅಡುಗೆಮನೆಯಲ್ಲಿದ್ದ ಹೆಂಡತಿಗೂ ಆ ಇಳಿಕೆ ಬಾಯಿಪಾಠವಾಗಿ, ಒಂದು ದಿನ “ರೀ, ಇವತ್ತು ಒಂದು ಮೆಟ್ಟಿಲು ಹಾರಿಸಿದ್ರಿ” ಎಂದಳು. ಸರಿಯಾಗಿಯೇ ಹೇಳಿದ್ದಳು.

ಕಳೆದ ಡಿಸೆಂಬರಿನಲ್ಲಿ ಅದೇ ನಾಲ್ವರು ಮತ್ತೆ ಸೇರಿದೆವು. ಸೋಲೋದಲ್ಲಿ ಸ್ವರ ಕಡಿಮೆ ಮಾಡಿಕೊಂಡೆ. ಎರಡನೇ ಸುತ್ತಿನ ಎಂಟನೇ ಬಾರ್‌ನಲ್ಲಿ ಬೇರೇನೂ ನುಡಿಸದೆ ಎಫ್ ಶಾರ್ಪ್ ಒಂದನ್ನೇ ಹೆಬ್ಬೆರಳಿನಲ್ಲಿ ಮಿಡಿದು ಬಿಟ್ಟೆ. ಬೇಸ್ ನುಡಿಸುತ್ತಿದ್ದವನು ತಲೆ ಎತ್ತಿ ನೋಡಿ, ನನ್ನ ಜೊತೆಗೇ ಜಿಗೆ ಬಂದ.