ಸಿ ಪ್ರೋಗ್ರಾಂನಲ್ಲಿ ಬಳಕೆದಾರರ ಖಾತೆಯ ವಿವರ ಪಡೆಯುವುದು ಹೇಗೆ?

ಲಿನಕ್ಸ್‌ನಲ್ಲಿ ಬಳಕೆದಾರರ ಹೆಸರು, ಯುಐಡಿ (ಬಳಕೆದಾರರ ಗುರುತಿನ ಸಂಖ್ಯೆ), ಹೋಮ್ ಡೈರೆಕ್ಟರಿ ಬೇಕಾದಾಗ ಪಾಸ್‌ವರ್ಡ್ ಫೈಲನ್ನು ನೀವೇ ತೆರೆದು, ಕೋಲನ್ ಕಂಡಲ್ಲೆಲ್ಲ ಸಾಲು ಕತ್ತರಿಸಲು ಹೋಗಬೇಡಿ. ಖಾತೆ ನೆಟ್‌ವರ್ಕ್‌ನಲ್ಲಿರುವ ಎಲ್‌ಡ್ಯಾಪ್ ಎಂಬ ಡೈರೆಕ್ಟರಿ ಸರ್ವರ್‌ನಲ್ಲಿದ್ದರೆ ಆ ಫೈಲಿನಲ್ಲಿ ಅದರ ಸುಳಿವೇ ಇರದು. ಸಿ ಲೈಬ್ರರಿಯನ್ನು ಕೇಳಿ, ಎಲ್ಲೆಲ್ಲಿ ಹುಡುಕಬೇಕೆಂದು ಅದಕ್ಕೆ ಗೊತ್ತು.

ಪಿಡಬ್ಲ್ಯುಡಿ ಡಾಟ್ ಎಚ್ ಹೆಡರ್ ಸೇರಿಸಿ. ಹೆಸರು ಗೊತ್ತಿದ್ದರೆ ಗೆಟ್‌ಪಿಡಬ್ಲ್ಯುನ್ಯಾಮ್, ಯುಐಡಿ ಗೊತ್ತಿದ್ದರೆ ಗೆಟ್‌ಪಿಡಬ್ಲ್ಯುಯುಐಡಿ ಕರೆಯಿರಿ. ಪ್ರೋಗ್ರಾಂ ಓಡಿಸುತ್ತಿರುವವರದೇ ವಿವರ ಬೇಕಿದ್ದರೆ ಗೆಟ್‌ಯುಐಡಿ ಕೊಟ್ಟ ಸಂಖ್ಯೆಯನ್ನು ಎರಡನೆಯದಕ್ಕೆ ದಾಟಿಸಿ. ಸಿಗುವುದು ಒಂದು ಸ್ಟ್ರಕ್ಟ್‌ನ ಪಾಯಿಂಟರ್. ಹೆಸರು, ಯುಐಡಿ, ಜಿಐಡಿ (ಗುಂಪಿನ ಸಂಖ್ಯೆ), ಹೋಮ್, ಶೆಲ್ ಎಲ್ಲವೂ ಅದರಲ್ಲಿವೆ. ಪಾಸ್‌ವರ್ಡ್‌ಗೂ ಒಂದು ಜಾಗವಿದೆ, ಆದರೆ ಅಲ್ಲಿ ಸಾಮಾನ್ಯವಾಗಿ ‘ಎಕ್ಸ್’ ಅಕ್ಷರವಷ್ಟೇ. ಪಾಸ್‌ವರ್ಡ್‌ನ ಹ್ಯಾಶ್ (ಗುಪ್ತ ರೂಪ) ಇರುವುದು ಶ್ಯಾಡೋ ಎಂಬ ಬೇರೆ ಫೈಲಿನಲ್ಲಿ.

ಹೆಚ್ಚಿನವರು ಮುಗ್ಗರಿಸುವುದು ಈ ಪಾಯಿಂಟರ್‌ನಲ್ಲೇ. ಅದು ತೋರಿಸುವುದು ಲೈಬ್ರರಿಯ ಸ್ವಂತ ಸ್ಟ್ಯಾಟಿಕ್ ಜಾಗವನ್ನು. ಮುಂದಿನ ಕರೆ ಅದರ ಮೇಲೆಯೇ ಬರೆಯಬಹುದು. ಒಂದೇ ಪ್ರಿಂಟ್‌ಎಫ್‌ನಲ್ಲಿ ಇಬ್ಬರ ಹೆಸರಿಗೆ ಎರಡು ಸಲ ಕರೆದರೆ ಒಬ್ಬರ ಹೆಸರೇ ಎರಡು ಬಾರಿ ಮೂಡೀತು. ಬೇಕಾದ ಸ್ಟ್ರಿಂಗ್‌ಗಳನ್ನು ಸ್ಟ್ರ್‌ಡಪ್‌ನಿಂದ ನಕಲು ಮಾಡಿಕೊಳ್ಳಿ. ನಕಲನ್ನು ಫ್ರೀ ಮಾಡಬೇಕು, ಮೂಲವನ್ನು ಎಂದಿಗೂ ಕೂಡದು.

ನಲ್ ಬಂದರೆ ಖಾತೆ ಇಲ್ಲವೆಂದೂ ಆಗಬಹುದು, ಹುಡುಕುವಾಗಲೇ ದೋಷವಾಯಿತೆಂದೂ ಆಗಬಹುದು. ಕರೆಗೆ ಮುಂಚೆ ದೋಷದ ಸಂಖ್ಯೆ ಇಡುವ ಎರ್‌ನೋವನ್ನು 0 ಮಾಡಿ, ಆಮೇಲೆ ನೋಡಿ. 0 ಆಗಿಯೇ ಉಳಿದಿದ್ದರೆ ಖಾತೆ ಇಲ್ಲ. ಕೆಲವು ವ್ಯವಸ್ಥೆಗಳು ಇದಕ್ಕೂ ‘ಅಂಥದ್ದಿಲ್ಲ’ ಎನ್ನುವ ಎನೋಎಂಟ್ ದೋಷ ಕೊಡುವುದುಂಟು. ಕಂಟೇನರ್‌ಗಳಲ್ಲಿ ಯುಐಡಿ ಇದ್ದೂ ಖಾತೆಯ ಸಾಲು ಇಲ್ಲದಿರುವುದು ಮಾಮೂಲು. ನಲ್ ಪರೀಕ್ಷಿಸದ ಪ್ರೋಗ್ರಾಂ ಅಲ್ಲೇ ಸೆಗ್‌ಫಾಲ್ಟ್ ಆಗಿ (ತಪ್ಪು ಮೆಮೊರಿ ಮುಟ್ಟಿ) ನಿಂತುಬಿಡುತ್ತದೆ.

ಥ್ರೆಡ್‌ಗಳಿದ್ದರೆ ಇದೇ ಫಂಕ್ಷನ್‌ಗಳ ‘ಅಂಡರ್‌ಸ್ಕೋರ್ ಆರ್’ ರೂಪ ಬಳಸಿ. ಇದಕ್ಕೆ ಬಫರ್ ನೀವೇ ಕೊಡಬೇಕು. ಅಳತೆಯನ್ನು ಸಿಸ್‌ಕಾನ್ಫ್ ಫಂಕ್ಷನ್ ಹೇಳುತ್ತದೆ, ಆದರೆ ಅದು ಅಂದಾಜಷ್ಟೇ. -1 ಬಂದರೆ 16384 ಬೈಟ್‌ಗಳಿಂದ ಶುರುಮಾಡಿ. ಬಫರ್ ಸಾಲದೆನ್ನುವ ಇರೇಂಜ್ ದೋಷ ಬಂದಾಗಲೆಲ್ಲ ಅಳತೆ ದುಪ್ಪಟ್ಟು ಮಾಡಿ ಮತ್ತೆ ಕರೆಯಿರಿ. ಇಲ್ಲಿ ದೋಷದ ಸಂಖ್ಯೆ ಬರುವುದು ರಿಟರ್ನ್ ಮೌಲ್ಯದಲ್ಲಿ, ಎರ್‌ನೋದಲ್ಲಲ್ಲ. ರಿಟರ್ನ್ 0 ಆಗಿದ್ದೂ ಫಲಿತಾಂಶದ ಪಾಯಿಂಟರ್ ನಲ್ ಆಗಿದ್ದರೆ ಖಾತೆ ಇಲ್ಲವೆಂದೇ ಅರ್ಥ. ಹೆಸರು, ಹೋಮ್ ಎಲ್ಲವೂ ನಿಮ್ಮ ಬಫರ್‌ನೊಳಗೇ ಇರುವುದರಿಂದ ಅವುಗಳ ಕೆಲಸ ಮುಗಿಯುವ ತನಕ ಅದನ್ನು ಫ್ರೀ ಮಾಡಬೇಡಿ.